ಸೇಬಿನ ಗಿಡಕ್ಕೆ ಮುಸುಕು

ಬಟೇವಿಯಾ, ಒಹಾಯೊ
ಜೂನ್ 3, 2025, ಮಂಗಳವಾರ
ಮಧ್ಯಾಹ್ನ. ಕಿಟಕಿಗಳೆಲ್ಲ ಮುಚ್ಚಿವೆ. ಹಾರ್ಲನ್ ಅಂಗಳದಲ್ಲಿದ್ದಾನೆ.

ಪ್ರೀತಿಯ ಐಡೆಲ್,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಆಮೇಲೆ ಬೈಯುವೆಯಂತೆ, ಮೊದಲು ಸುದ್ದಿ ಕೇಳು: ಬಂದುಬಿಟ್ಟವು! ಹದಿನೇಳು ವರ್ಷ ನೆಲದಡಿ ಇದ್ದ ಜೀರುಂಡೆಗಳು. ಕಳೆದ ಸಲ ನೀನು ಪಕ್ಕದ ಮನೆಯಲ್ಲೇ ಇದ್ದೆ. ಒಣಗಿದ ಬಟ್ಟೆಯೊಳಗಿಂದ ಒಂದು ಹಾರಿದಾಗ ನೀನು ಕಿರುಚಿದ್ದನ್ನು ನಮ್ಮ ಆ ಬದಿಯ ಮನೆಯ ಡೆಲ್ಮರ್ ಈಗಲೂ ನಟಿಸಿ ತೋರಿಸುತ್ತಾನೆ. ಬೇಲಿ, ಅಂಚೆಪೆಟ್ಟಿಗೆ, ಮೆಟ್ಟಿಲು, ಎಲ್ಲೆಲ್ಲೂ ಅವು ಕಳಚಿದ ಪೊರೆ. ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದರೆ ಸಾಕು, ಅದೂ ತಮ್ಮ ಜಾತಿಯದೇ ಎಂದುಕೊಂಡು ಮೈಮೇಲೆ ಬೀಳುತ್ತವೆ!

ನಮ್ಮ ಚಿಂತೆಯೆಲ್ಲ ಒಂದು ಗಿಡದ್ದು. ಹಾರ್ಲನ್‌ನ ಅಪ್ಪ, ನಮ್ಮ ಮಾವ, ನೆಟ್ಟ ಸೇಬಿನ ಮರ ಬಿರುಗಾಳಿಗೆ ಬಿತ್ತಲ್ಲ, ಅದರ ಕಸಿಗಳಲ್ಲಿ ಬದುಕಿದ್ದು ಇದೊಂದೇ. ಹಳೆಯ ಮರವಿದ್ದ ಜಾಗದಲ್ಲೇ ನೆಟ್ಟಿದ್ದಾನೆ. ಹೆಣ್ಣು ಜೀರುಂಡೆ ಎಳೆ ರೆಂಬೆ ಸೀಳಿ ಮೊಟ್ಟೆಯಿಟ್ಟರೆ ರೆಂಬೆ ಒಣಗುತ್ತದೆ. ಇಷ್ಟು ಸಣ್ಣ ಗಿಡ ಅದನ್ನು ತಾಳದು. ಊರಿನ ಅಂಗಡಿಗಳಲ್ಲಿ ಗಿಡಕ್ಕೆ ಹೊದಿಸುವ ಬಲೆ ಖಾಲಿ. ಕೊನೆಗೆ ಮದುಮಗಳ ಮುಸುಕಿನ ಬಟ್ಟೆ ತಂದು ಎರಡೆರಡು ಸುತ್ತು ಹೊದಿಸಿದೆವು.

ಬೇಲಿಯಾಚೆಯಿಂದ ಡೆಲ್ಮರ್, "ಏನಯ್ಯಾ, ಗಿಡಕ್ಕೆ ಮದುವೇನಾ? ಗಂಡು ಯಾವೂರೋನು?" ಎಂದ.

"ಯಾವೂರೋನಾದ್ರೂ ಸರಿ, ನಿನ್ನ ಮಾತ್ರ ಕರೆಯಲ್ಲ. ಊಟ ಸಾಲಲ್ಲ" ಎಂದ ಹಾರ್ಲನ್.

ಬಟ್ಟೆಯನ್ನು ಕಾಂಡಕ್ಕೆ ಬಿಗಿದು ಕಟ್ಟು ಎಂದೆ. "ನೆಲದವರೆಗೆ ಬಿಟ್ಟು ಸುತ್ತ ಕಲ್ಲಿಟ್ರೆ ಇರುವೆ ಕೂಡ ನುಗ್ಗಲ್ಲ ಕಣೇ" ಎಂದು ಹಾಗೇ ಮಾಡಿದ. ನುಗ್ಗುವ ಮಾತೆಲ್ಲಿ ಬಂತು! ಹಳೆಯ ಮರದ ಬೇರು ಹೀರುತ್ತ ಅವು ಅಲ್ಲೇ ಕೆಳಗಿದ್ದವು.

ಕಳೆದ ವಾರದ ಒಂದು ಬೆಳಿಗ್ಗೆ, ಊರಿನ ಮರಗಳೆಲ್ಲ ಇನ್ನೂ ಸುಮ್ಮನಿದ್ದಾಗ, ಮುಸುಕಿನೊಳಗಿಂದ ಕೂಗು ಕೇಳಿತು. "ಹಾರ್ಲನ್! ಒಳಗಿವೆ! ಒಳಗೇ ಇವೆ!" ಎಂದು ಓಡಿದೆ. ಬಟ್ಟೆ ಕಿತ್ತೆಸೆದರೆ ಕಾಂಡವೇ ಕಾಣದಷ್ಟು! ಡೆಲ್ಮರ್ ಬೇಲಿ ಹಾರಿ ಬಂದ. ಮೂವರೂ ಬಾಚಿ ಬಾಚಿ ಬಕೆಟ್ಟಿಗೆ ತುಂಬಿದೆವು. ಅವನ ಕೋಳಿಗಳಿಗೆ ಹಬ್ಬ. "ಹೆಣ್ಣಿನ ಮನೆಯೋರು ಇಷ್ಟೊಂದು ಜನ ಅಂತ ಮೊದಲೇ ಹೇಳ್ಬಾರ್ದಾ!" ಎಂದು ಅವನು ನಕ್ಕಿದ್ದೇ ನಕ್ಕಿದ್ದು. ಒಂದೊಂದು ರೆಂಬೆಯನ್ನೂ ಬೆರಳಾಡಿಸಿ ನೋಡಿದೆ. ಒಂದೂ ಸೀಳಿಲ್ಲ, ಐಡೆಲ್! ಈಗ ಬಟ್ಟೆಯನ್ನು ಬುಡದಲ್ಲಿ ನಾನೇ ಕಾಂಡಕ್ಕೆ ಬಿಗಿದು ಕಟ್ಟಿದ್ದೇನೆ.

ಅರಿಜೋನಾದ ಬಿಸಿಲು ನಿನ್ನ ಮೊಣಕಾಲಿಗೆ ಒಳ್ಳೆಯದು ಮಾಡಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ವರ್ನಾ

ಮರೆತದ್ದು: ಆ ಕೂಗು ನನಗೆ ಅಡುಗೆಮನೆಯ ಬಾಗಿಲಿಗೇ ಕೇಳಿತ್ತು. ಹಾರ್ಲನ್ ಗಿಡಕ್ಕೆ ಬೆನ್ನು ಹಾಕಿ, ಕೈಗೆಟಕುವಷ್ಟು ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದ. ಇವತ್ತು ಬೆಳಿಗ್ಗೆ, ಅವುಗಳ ಗದ್ದಲ ತಾಳಲಾರದೆ ನಾನು ಕಿಟಕಿ ಮುಚ್ಚುತ್ತಿದ್ದಾಗ, "ಈ ಸಲ ಯಾಕೋ ಇವು ಹಾಡ್ತಾನೇ ಇಲ್ಲ ಅಲ್ವಾ?" ಎಂದ. ನಿನ್ನ ಪಿಯಾನೊವನ್ನೂ ಶ್ರುತಿಗೂಡಿಸಿದ ಕಿವಿ ಅದು. ಶುಕ್ರವಾರ ಚರ್ಚಿನ ಪಿಯಾನೊ ಶ್ರುತಿಗೂಡಿಸಲು ಒಪ್ಪಿಕೊಂಡಿದ್ದಾನೆ. ಅಲ್ಲಿ ಯಾರೋ ಅವನಿಗೆ ಹೇಳುವಂತಾಗಬಾರದು. ಗುರುವಾರ ಊಟವಾದ ಮೇಲೆ ನಾನೇ ಹೇಳುತ್ತೇನೆ.