ಸಂಘದ ಅಭಿಪ್ರಾಯ

ಗ್ವಾಯಾಕಿಲ್, 1995

ಜೂನ್ 12, ಸೋಮವಾರ

ಬೆಳಿಗ್ಗೆ ವಾರ್ಡು. ಮಧ್ಯಾಹ್ನ ಸಂಘದ ಕಚೇರಿ. ಸಮ್ಮೇಳನದ ಆಮಂತ್ರಣ ಮತ್ತೆ ತಪ್ಪಾಗಿ ಅಚ್ಚಾಗಿದೆ — 'ಮನೋವೈದ್ಯರ ರಾಷ್ಟ್ರೀಯ ಸಂಘ' ಎಂಬಲ್ಲಿ 'ರಾಷ್ಟ್ರೀಯ' ಬಿಟ್ಟಿದ್ದಾರೆ. ಒಸ್ವಾಲ್ದೋ ನಕ್ಕ. "ಇಡೀ ದೇಶದಲ್ಲಿ ನಾವಿರೋದೇ ನಾಲ್ಕು ಬಸ್ಸಿನ ಜನ. ರಾಷ್ಟ್ರೀಯ ಇದ್ರೆಷ್ಟು, ಬಿಟ್ರೆಷ್ಟು ಕಣೇ!" ಅಧ್ಯಕ್ಷನಾದರೂ ನಾಲಗೆ ಇನ್ನೂ ಹಾಸ್ಟೆಲಿನದೇ. ಒಟ್ಟಿಗೆ ಓದಿದವರು ನಾವು; ಈಗ ನಾನು ಅವನ ಕಾರ್ಯದರ್ಶಿ.

ಆಮೇಲೆ ದನಿ ತಗ್ಗಿಸಿದ. ಆರೋಗ್ಯ ಮಂತ್ರಾಲಯದಿಂದ ಫೋನ್ ಬಂದಿತ್ತಂತೆ. ಬಾಳೆ ಸೀಮೆಯ ಲಾ ಎಸ್ಪೆರೀತಾ ಹಳ್ಳಿಯ ಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಮೂರ್ಛೆ ಹೋಗಿದ್ದಾರೆ. ಕಂಪನಿಯ ವಿಮಾನ ತೋಟಕ್ಕೆ ಚೆಲ್ಲುವ ಔಷಧಿಯಿಂದಲೇ ಹೀಗಾಯಿತು ಅಂತ ತಾಯಂದಿರು ರಸ್ತೆಗೆ ಅಡ್ಡ ಕೂತಿದ್ದಾರೆ. ಇದು ಸಾಮೂಹಿಕ ಹಿಸ್ಟೀರಿಯಾ ಹೌದೋ ಅಲ್ಲವೋ, ಸಂಘದ ಅಭಿಪ್ರಾಯ ಬೇಕಂತೆ.

"ಇಷ್ಟು ವರ್ಷ ನಮ್ಮ ಒಂದು ಕಾಗದಕ್ಕೂ ಉತ್ತರ ಕೊಡದ ಜನ. ಈಗ ತಾವಾಗೇ ಕೇಳ್ತಿದಾರೆ. ನಿನ್ನ ಕಾಯ್ದೆ ಫೈಲನ್ನೂ ಧೂಳು ಕೊಡವಿ ತೆಗೆದಿದಾರಂತೆ."

ನನ್ನ ಕಾಯ್ದೆ. ರೋಗಿಗಳನ್ನು ಮಂಚಕ್ಕೆ ಕಟ್ಟುವುದನ್ನು ನಿಲ್ಲಿಸುವ ಕಾಯ್ದೆ. ನಾನೇ ಹೋಗಿ ನೋಡಿ ಬರುತ್ತೇನೆ ಅಂದೆ.

ಹಿಸ್ಟೀರಿಯಾವೇ ಇರಬೇಕು. ಆ ವಯಸ್ಸು, ಆ ಊರು, ಪರೀಕ್ಷೆಯ ಭಯ...

ಜೂನ್ 15

ಇದಕ್ಕೆಂದು ಸಂಘ ನೇಮಿಸಿದ 'ಆಯೋಗ' ಎಂದರೆ ನಾನೊಬ್ಬಳೇ. ಇನ್ನಿಬ್ಬರು ಸದಸ್ಯರಿಗೆ ಪುರುಸೊತ್ತಿಲ್ಲ.

ಶಾಲೆಯ ಮೂರೂ ಕಡೆ ಬಾಳೆ. ಗೇಟಿನಲ್ಲೇ ದೋನ್ಯಾ ಪಾಸ್ತೋರಾ ಎಂಬ ಹೆಂಗಸು ಅಡ್ಡಗಟ್ಟಿದಳು. ಮಗಳು ಯಹೈರಾ, ಹದಿನಾಲ್ಕು ವರ್ಷ, ಐದು ಸಲ ಬಿದ್ದಿದ್ದಾಳೆ.

"ನಮ್ಮ ಮಕ್ಕಳಿಗೆ ತಲೆ ಕೆಟ್ಟಿದೆ ಅಂತ ಬರೆಯೋಕೆ ಬಂದ್ರಾ ಡಾಕ್ಟ್ರಮ್ಮಾ?"

"ನೋಡೋಕೆ ಬಂದೆ ತಾಯೀ. ಇನ್ನೂ ಏನೂ ಬರೆದಿಲ್ಲ."

"ಹಂಗಾದ್ರೆ ಊಟ ಮಾಡ್ಕೊಂಡೇ ಹೋಗಿ. ಬೆಳಿಗ್ಗೆ ಬಂದೋರು ಯಾರಿಗೂ ಏನೂ ಕಾಣಲ್ಲ. ವಿಮಾನ ಬರೋದು ಮಧ್ಯಾಹ್ನ."

ಹುಡುಗಿಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿದೆ. ನಕ್ಕರು, ನಾಚಿದರು, ಒಬ್ಬಳು ಹೇಳಿದ್ದನ್ನೇ ಇನ್ನೊಬ್ಬಳು ಹೇಳಿದಳು. ಪುಸ್ತಕದಲ್ಲಿ ಇರುವ ಹಾಗೇ. ಅಭಿಪ್ರಾಯ ಮನಸ್ಸಿನಲ್ಲೇ ತಯಾರಾಗಿತ್ತು.

ಊಟಕ್ಕೆ ಬಯಲಲ್ಲಿ ಕೂತಿದ್ದೆವು. ಮೀನಿನ ಸಾರು, ಬಾಳೆಕಾಯಿ ಉಂಡೆ. ವಿಮಾನ ಬಂತು. ಯಾರೂ ತಲೆ ಎತ್ತಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರು, ಅಷ್ಟೇ. ಕೆನ್ನೆಗೆ ತಣ್ಣಗೆ ಹನಿ ತಾಗಿದವು. ಸ್ವಲ್ಪ ಹೊತ್ತಿಗೆ ಯಹೈರಾಳ ಬಾಯಿಂದ ಜೊಲ್ಲು ಇಳಿಯಿತು, ಮೈಯೆಲ್ಲ ಬೆವರು. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆಗಿಂತ ಚಿಕ್ಕದು.

ಭಯಕ್ಕೆ ಪಾಪೆ ಹಿಗ್ಗುತ್ತದೆ. ಕುಗ್ಗುವುದಿಲ್ಲ. ಹೀಗೆ ಕುಗ್ಗಿಸುವುದು ವಿಷ.

ವಾಪಸು ಬರುವಾಗ ಜೀಪಿನವನಿಗೆ ನಿಲ್ಲಿಸಲು ಹೇಳಿ ಎರಡು ಸಲ ವಾಂತಿ ಮಾಡಿಕೊಂಡೆ. ಬಾಯಲ್ಲಿ ತುಕ್ಕಿನ ರುಚಿ. ಆ ರುಚಿಯ ವಿಷಯ ಯಾರಿಗೂ ಹೇಳಲಿಲ್ಲ — ಗಾಲೋಗೂ ಇಲ್ಲ. ಸುಮ್ಮನೆ ಗಾಬರಿಯಾಗುವ ಗಂಡ.

ಜೂನ್ 16

ಒಸ್ವಾಲ್ದೋಗೆ ಅಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ತಕ್ಷಣ ರಕ್ತಪರೀಕ್ಷೆ ಆಗಬೇಕು, ತಡವಾದರೆ ಏನೂ ಸಿಗುವುದಿಲ್ಲ ಅಂದೆ. ತಾಳ್ಮೆಯಿಂದ ಕೇಳಿದ. ಕೊನೆಗೆ ಒಂದೇ ಪ್ರಶ್ನೆ.

"ನಿನಗೂ ವಾಂತಿ ಆಯ್ತಾ?"

"ಜೀಪಿನವನು ಹೇಳಿದ್ನಾ?"

"ನೀನು ಹುಡುಗಿಯರ ಜೊತೆ ಕೂತಿದ್ದೆ. ಅವಳು ಬಿದ್ದಿದ್ದು ನೋಡಿದೆ. ಆಮೇಲೆ ನಿನಗೂ ಶುರುವಾಯ್ತು. ಹೌದು ತಾನೆ?"

ನಗುತ್ತಲೇ ಇದ್ದ. ಅವನು ರೋಗಿಗಳ ಜೊತೆ ಮಾತಾಡುವ ದನಿ ಅದು. ನನಗೆ ಚೆನ್ನಾಗಿ ಗೊತ್ತು.

ಜೂನ್ 19

ಕಾರ್ಯಕಾರಿ ಸಮಿತಿ. ಕರಡು ಮೊದಲೇ ಟೈಪಾಗಿತ್ತು. "ಭಾವನಾತ್ಮಕ ಮೂಲದ ಸಾಮೂಹಿಕ ಪ್ರತಿಕ್ರಿಯೆ. ಬೇರೆ ಪರೀಕ್ಷೆಗಳು ಅನಗತ್ಯ. ಅವು ಭೀತಿಯನ್ನು ಹೆಚ್ಚಿಸುತ್ತವೆ."

ಆ ಎರಡನೆಯ ವಾಕ್ಯ ತೆಗೆಯಿರಿ ಅಂದೆ. ಬೇಕಾದರೆ ಹಿಸ್ಟೀರಿಯಾ ಅಂತ ಇರಲಿ, ಪರೀಕ್ಷೆ ಮಾತ್ರ ಬೇಡ ಅನ್ನಬೇಡಿ.

"ಮಂತ್ರಾಲಯಕ್ಕೆ ಬೇಕಾಗಿರೋದೇ ಆ ವಾಕ್ಯ ಮಾರಾಯ್ತಿ," ಅಂದ ಖಜಾಂಚಿ. "ಕಾಯ್ದೆ ಮುಂದಿನ ತಿಂಗಳು ಸಂಸತ್ತಿಗೆ ಹೋಗುತ್ತೆ. ಒಂದು ಹಳ್ಳಿಗೋಸ್ಕರ ಇಡೀ ದೇಶದ ರೋಗಿಗಳನ್ನು ಬಿಟ್ಕೊಡ್ತೀಯಾ?"

ಅವನ ಮಾತು ಪೂರ್ತಿ ಸುಳ್ಳೇನಲ್ಲ. ಆದರೂ ಮತಕ್ಕೆ ಹಾಕಿದಾಗ ಕೈ ಎತ್ತಲಿಲ್ಲ. ನನ್ನದೊಂದೇ ವಿರೋಧ. ಯಾರೂ ಜಗಳವಾಡಲಿಲ್ಲ. ಹೊರಡುವಾಗ ಒಬ್ಬೊಬ್ಬರೂ ಬಂದು ಭುಜ ತಟ್ಟಿದರು. "ರೆಸ್ಟ್ ತಗೋ ಲೆಯೋನೋರ್."

ಜಗಳವಾಡಿದ್ದರೆ ಚೆನ್ನಾಗಿತ್ತು.

ಜೂನ್ 22

ಸಂಘದ ಅಭಿಪ್ರಾಯ ಪತ್ರಿಕೆಯಲ್ಲಿ ಬಂದಿದೆ. "ಸ್ಥಳಕ್ಕೆ ಭೇಟಿ ಕೊಟ್ಟ ಡಾ. ಲೆಯೋನೋರ್ ಇಂತ್ರಿಯಾಗೋ ಅವರ ಅವಲೋಕನದ ಮೇರೆಗೆ..." ನನ್ನ ಹೆಸರು!

ಅದು ನನ್ನ ಮಾತಲ್ಲ ಅಂತ ಪತ್ರಿಕೆಗೆ ಫೋನ್ ಮಾಡಿದೆ. ಸಂಪಾದಕ ಬಹಳ ಮರ್ಯಾದೆಯ ಮನುಷ್ಯ. "ಸಂಘದಿಂದ ಬರೆಸ್ಕೊಂಡು ಬನ್ನಿ ಡಾಕ್ಟ್ರೇ, ನಾಳೇನೇ ಹಾಕೋಣ."

ಜುಲೈ 5

ಎರಡು ವಾರ ಏನೂ ಬರೆದಿಲ್ಲ.

ಇವತ್ತು ವಾರ್ಡಿಗೆ ಹೋದರೆ ಹೆಂಗಸರ ಕೋಣೆಯಲ್ಲಿ ಯಹೈರಾ. ಮಂಚಕ್ಕೆ ಕಟ್ಟಿದ್ದಾರೆ. ನಿನ್ನೆ ವಿಮಾನ ಬಂದು ಹೋದ ಮೇಲೆ ಮತ್ತೆ ಬಿದ್ದಳಂತೆ, ಜಿಲ್ಲಾಸ್ಪತ್ರೆಯವರು ಇಲ್ಲಿಗೆ ಕಳಿಸಿದ್ದಂತೆ: "ಸಂಘದ ಅಭಿಪ್ರಾಯದಂತೆ ಮನೋರೋಗ." ಶಾಂತವಾಗಲಿ ಅಂತ ಇಂಜೆಕ್ಷನ್ ಬೇರೆ ಕೊಟ್ಟಿದ್ದಾರೆ. ಎದೆಯಲ್ಲಿ ಗೊರಗೊರ. ತುಟಿ ನೀಲಿ. ದೋನ್ಯಾ ಪಾಸ್ತೋರಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ.

"ಬರೆದ್ರಲ್ಲ," ಅಂದಳು. ಅಷ್ಟೇ.

ರೋಗಿಗಳಿಗೆ ಕರೆಂಟ್ ಶಾಕ್ ಕೊಡುವ ಕೋಣೆಯ ಕಪಾಟಿನಲ್ಲಿ ಅಟ್ರೋಪಿನ್ ಇರುತ್ತದೆ. ಶಾಕಿಗೆ ಮುಂಚೆ ಕೊಡುವುದು, ಈ ವಿಷಕ್ಕೂ ಅದೇ ಮದ್ದು. ಡ್ಯೂಟಿ ಡಾಕ್ಟರ್ ತಡೆಯಲು ಬಂದ — "ಮೇಡಂ, ಇದು ನಿಮ್ಮ ಪೇಷಂಟ್ ಅಲ್ಲ!" ತಳ್ಳಿ ಒಳಗೆ ಹೋದೆ. ಮೊದಲು ರಕ್ತ ತೆಗೆದುಕೊಂಡೆ. ಆಮೇಲೆ ಮದ್ದು. ಸ್ವಲ್ಪ ಕಾದು ಇನ್ನೊಮ್ಮೆ. ಮತ್ತೊಮ್ಮೆ. ಎದೆಯ ಸದ್ದು ಇಳಿಯಿತು. ಪಾಪೆ ಮೆಲ್ಲಗೆ ಅಗಲವಾಯಿತು, ಕಿಟಕಿ ತೆರೆದ ಹಾಗೆ. ಹುಡುಗಿ ನೀರು ಕೇಳಿದಳು.

ಕಟ್ಟು ನಾನೇ ಬಿಚ್ಚಿದೆ.

ಜುಲೈ 6

ರಕ್ತದ ಶೀಶೆ ಬೆಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯಕ್ಕೆ ಹೋಯಿತು. ಯಾರು ಒಯ್ದರೆಂದು ಬರೆಯುವುದಿಲ್ಲ. ಯಾಕೋ ಬರೆಯಬಾರದು ಅನಿಸುತ್ತಿದೆ.

ಆಸ್ಪತ್ರೆಯಿಂದ ಕಾಗದ ಬಂದಿದೆ: ಅನುಮತಿಯಿಲ್ಲದೆ ಚಿಕಿತ್ಸೆ, ಸಹೋದ್ಯೋಗಿಯ ಮೇಲೆ ಕೈ. ಮುಂದಿನ ಸೂಚನೆಯವರೆಗೆ ಬರಬೇಡಿ.

ಜುಲೈ 11

ಒಸ್ವಾಲ್ದೋ ಫೋನ್ ಮಾಡಿದ್ದ. ಶಿಕ್ಷೆಯ ಮಾತೇ ಇಲ್ಲ. ಸಂಘದಲ್ಲಿ 'ಅಸ್ವಸ್ಥ ಸಹೋದ್ಯೋಗಿಗಳ ಸಮಿತಿ' ಇದೆಯಲ್ಲ, ಅದು ನನ್ನನ್ನು ನೋಡಿಕೊಳ್ಳುತ್ತದಂತೆ. ಕಿತೋ ಹತ್ತಿರ ಒಂದು ಚಿಕ್ಕ ಆಶ್ರಮ. ಸನ್ಯಾಸಿನಿಯರಿದ್ದಾರೆ, ತೋಟವಿದೆ.

"ನನಗೆ ಕಾಯಿಲೆ ಇಲ್ಲ ಒಸ್ವಾಲ್ದೋ."

"ಆ ಹುಡುಗಿಯರೂ ಹೀಗೇ ಅಂತಾರೆ ಕಣೇ." ಆಮೇಲೆ ಬಹಳ ಪ್ರೀತಿಯಿಂದ, "ಬಾಯಲ್ಲಿ ತುಕ್ಕಿನ ರುಚಿ ಈಗಲೂ ಇದೆಯಾ?"

ಅದನ್ನು ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬಿಟ್ಟರೆ ಇನ್ನೆಲ್ಲೂ ಬರೆದಿಲ್ಲ.

ಸಂಜೆ

ಗಾಲೋ ಅಡಿಗೆಮನೆಯಲ್ಲಿ ಮೀನು ಹುರಿಯುತ್ತಿದ್ದ. ಈ ದಿನಚರಿಯನ್ನು ಒಸ್ವಾಲ್ದೋಗೆ ತೋರಿಸಿದೆಯಾ ಅಂತ ಕೇಳಿದೆ. ನನ್ನ ಕಡೆ ತಿರುಗಲಿಲ್ಲ.

"ನಿನ್ನ ಒಳ್ಳೇದಕ್ಕೇ ತೋರಿಸಿದ್ದು. ಒಸ್ವಾಲ್ದೋ ನಿನ್ನ ಅಣ್ಣನ ಹಾಗಲ್ವಾ?"

"ನನ್ನನ್ನು ಅಲ್ಲಿಗೆ ಸೇರಿಸೋ ಕಾಗದಕ್ಕೆ ಸಹಿ ಹಾಕಿದ್ದೀಯಾ?"

ಬಾಣಲೆ ಚರಚರ ಅನ್ನುತ್ತಿತ್ತು.

"ಹದಿನೈದೇ ದಿನ ಅಂದ ಲೆಯೋನೋರ್. ಊಟ ಮಾಡಲ್ಲ, ನಿದ್ದೆ ಮಾಡಲ್ಲ, ಯಾವಾಗ ನೋಡಿದ್ರೂ ಆ ಪುಸ್ತಕದ ಮುಂದೆ ಕೂತಿರ್ತೀಯಾ... ನನಗೆ ಭಯ ಆಗುತ್ತೆ ಕಣೇ."

ಅವನು ಅಳುತ್ತಿದ್ದ. ಅವನನ್ನು ದ್ವೇಷಿಸಲೂ ಆಗುತ್ತಿಲ್ಲ.

ಜುಲೈ 15, ಶನಿವಾರ, ಬೆಳಿಗ್ಗೆ

ಎಂಟಕ್ಕೆ ಬೆಟ್ಟದ ಮೇಲಿಂದ ಫೋನ್. ರಕ್ತದಲ್ಲಿ ವಿಷ ಇದೆ. ಅನುಮಾನವೇ ಇಲ್ಲವಂತೆ. ವರದಿ ಯಾರ ಕೈ ಸೇರಬೇಕೋ ಸೇರಿದೆ. ಸಂಘಕ್ಕಲ್ಲ.

ಕೆಳಗೆ ಕಾರು ನಿಂತಿದೆ. ಒಸ್ವಾಲ್ದೋ, ಖಜಾಂಚಿ, ಬಿಳಿ ಬಟ್ಟೆಯ ಇಬ್ಬರು. ಕೈಯಲ್ಲಿ ಕೇಕಿನ ಡಬ್ಬಿ ಬೇರೆ. ಗಾಲೋ ಕಾಫಿ ಕೊಡುತ್ತಿದ್ದಾನೆ, ಬಸಿಗಳ ಸದ್ದು. ಯಾರೋ ಕಾಯ್ದೆಯ ಬಗ್ಗೆ ಹೇಳುತ್ತಿದ್ದಾರೆ: ಪಾಸಾಗುವುದು ಖಂಡಿತವಂತೆ. ಒಸ್ವಾಲ್ದೋನ ನಗು ಮೆಟ್ಟಿಲವರೆಗೂ ಕೇಳುತ್ತಿದೆ.

ಈ ಪುಸ್ತಕವನ್ನು ಒಯ್ಯುತ್ತಾರೆ. ಗೊತ್ತು. ಸಮಿತಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಓದಲಿ. ಅದಕ್ಕೇ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ, ಕೈ ನಡುಗುತ್ತಿಲ್ಲ ಅನ್ನುವುದು ಕಾಣಲಿ.

"ಲೆಯೋನೋರ್, ಬರಲಾ ಒಳಗೆ?" ಒಸ್ವಾಲ್ದೋ ಮೆಟ್ಟಿಲ ಮೇಲೆ ಇದ್ದಾನೆ. ಒಬ್ಬನೇ ಅಲ್ಲ.

ಸಂಘದ ಕಾರ್ಯದರ್ಶಿಯಾಗಿ ನನ್ನ ಅಭಿಪ್ರಾಯ ಇಷ್ಟು: ಲಾ ಎಸ್ಪೆರೀತಾದ ಆ ಮಕ್ಕಳಿಗಾಗಲೀ ನನಗಾಗಲೀ ಹುಚ್ಚು —