ಹೆದ್ದಾರಿಗೆಲ್ಲ ಕೇಳಿಸಿದ ಹೊಟ್ಟೆಕಿಚ್ಚು

ಕಾಲ್ಗೂರ್ಲಿ
14 ಜುಲೈ 2009

ಪ್ರೀತಿಯ ವರ್ನಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಬರೆಯುವುದು ಮೂರು ವಾರ ತಡವಾಯಿತು. ಕೆಲಸವೇನೂ ಇರಲಿಲ್ಲ, ಬರೆಯಲು ಮುಖ ಇರಲಿಲ್ಲ ಅಷ್ಟೇ. ನೀನು ಫೋನ್ ಎತ್ತುತ್ತಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಕಾಗದವಾದರೆ ಹರಿದುಹಾಕುವ ಮುಂಚೆ ಒಂದು ಸಲವಾದರೂ ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ಮರ್ವ್ ಚೆನ್ನಾಗಿದ್ದಾನೆ. ಕ್ಯಾರವಾನಿನ ಸಂದುಗೊಂದಿಯಿಂದ ಇನ್ನೂ ಕೆಂಪು ಧೂಳು ಕೆದಕುತ್ತಿದ್ದಾನೆ. “ತಂಗಿಗೆ ಕಾಗದ ಬರೆದ್ಯಾ?” ಎಂದು ದಿನಾ ಬೆಳಿಗ್ಗೆ ಕೇಳುತ್ತಾನೆ. ಎರಡನೇ ಗಂಡನಾದರೂ ಬುದ್ಧಿ ಹೇಳುವುದರಲ್ಲಿ ಮೊದಲಿಗ.

ನನ್ನ ಹೊಟ್ಟೆ ಉರಿಯಲು ಶುರುವಾದದ್ದು ಜೆರಾಲ್ಟನ್ನಿನ ನಿನ್ನ ಮನೆಯಲ್ಲೇ. ನಾವು ಬರುವುದಕ್ಕೆ ಎರಡು ದಿನ ಮೊದಲೇ ಕೆರಿನ್ ಬಂದು ನಿನ್ನ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಆರು ತಿಂಗಳ ಬಸುರಿ, ಗಂಡ ಡೇಲ್‌ನನ್ನು ಮನೆಯಲ್ಲೇ ಬಿಟ್ಟು ಕರಾತಾದಿಂದ ಅಷ್ಟು ದೂರ ಒಬ್ಬಳೇ ಗಾಡಿ ಓಡಿಸಿಕೊಂಡು ಬಂದಿದ್ದಳು. ಹೆತ್ತವಳು ನಾನು, ನನ್ನ ಮನೆಗೆ ಬರಲು ಮಾತ್ರ ಅವಳಿಗೆ ಯಾವಾಗಲೂ ರಜೆ ಸಾಲುವುದಿಲ್ಲ. ಎಲ್ಲರೂ ಎರಡು ಗಾಡಿಗಳಲ್ಲಿ ಉತ್ತರಕ್ಕೆ, ಅವಳ ಊರಿಗೆ ಹೊರಡುವಾಗಲೂ “ನಾನೂ ಚಿಕ್ಕಮ್ಮನೂ ಹಿಂದಿನ ಗಾಡೀಲಿ ಬರ್ತೀವಮ್ಮ” ಅಂದಳು.

ನ್ಯೂಮನ್‌ನಲ್ಲಿ ಗಣಿ ನೋಡಲು ಇಳಿದೆವಲ್ಲ, ಲಾರಿಯ ಟೈರು ಎಷ್ಟೆತ್ತರ, ಒಂದು ಸಲಕ್ಕೆ ಎಷ್ಟು ಅದಿರು ಹೊರುತ್ತದೆ, ಎಲ್ಲ ನಿನಗೇ ವಿವರಿಸಿದಳು. ಚಿಕ್ಕವಳಾಗಿದ್ದ ಅವಳನ್ನು ನಿನ್ನ ಹತ್ತಿರ ಬಿಟ್ಟು, ಆ ಊರಿನ ಗಣಿ ಕ್ಯಾಂಪಿನ ಅಡುಗೆಮನೆಯಲ್ಲಿ ಆರು ವರ್ಷ ಮುನ್ನೂರು ಗಂಡಸರಿಗೆ ಮೊಟ್ಟೆ ಕರಿದು ಹಾಕಿದವಳು ನಾನು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹೆಡ್‌ಲ್ಯಾಂಡ್ ಬಂದರಿನ ದಂಡೆಯಲ್ಲಿ ಹಡಗು ನೋಡುತ್ತ ಕೂತಾಗ ನಿನ್ನ ಕತ್ತಿಗೆ ಬಿಸಿಲಿನ ಕ್ರೀಮು ಸವರಿದಳು. ನನ್ನ ಕತ್ತೂ ಅಲ್ಲೇ ಇತ್ತು, ವರ್ನಾ.

ಆಮೇಲೆ ಮೀನು ತಿನ್ನುತ್ತ ಹೇಳಿದಳು: “ಹೆರಿಗೆಗೆ ಚಿಕ್ಕಮ್ಮ ಬಂದಿರಲಿ ಅಂತ ಡೇಲ್‌ಗೂ ಹೇಳಿದೀನಿ. ನೀನು ಆಮೇಲೆ ನಿಧಾನವಾಗಿ ಬಾಮ್ಮ, ಮಗು ನೋಡೋಕೆ.” ಮಗು ನೋಡೋಕೆ! ಪಕ್ಕದ ಮನೆಯವರು ಬಂದು ನೋಡಿ ಹೋಗುವ ಹಾಗೆ. ನಾನು ನಕ್ಕೆ. ಗಂಟಲಿಗೆ ಮುಳ್ಳು ಸಿಕ್ಕವರ ಹಾಗೆ ನಕ್ಕಿರಬೇಕು, ಮರ್ವ್ ನೀರು ಕೊಟ್ಟ.

ಮಾರನೆಯ ದಿನ ಕರಾತಾದ ದಾರಿಯಲ್ಲಿ ಆದದ್ದು ನಿನಗೆ ಗೊತ್ತು. ನನ್ನ ಕಡೆಯಿಂದ ಅದು ಹೇಗಾಯಿತು ಎಂದು ಮಾತ್ರ ಹೇಳುತ್ತೇನೆ. ಹಿಂದೆ ಬರುವ ರೋಡ್ ಟ್ರೇನಿಗೆ, ಆ ಮೂರು ಟ್ರೇಲರಿನ ಲಾರಿಗೆ, ದಾರಿ ಬಿಡುತ್ತೇವೆಂದು ಹೆದ್ದಾರಿಯ ಗಾಡಿಗಳೆಲ್ಲ ಮಾತಾಡುವ ರೇಡಿಯೋದಲ್ಲಿ ಹೇಳಿ, ಮೈಕನ್ನು ಸೀಟಿನ ಮೇಲಿಟ್ಟೆ. ಅದರ ಮೇಲೆ ಚಹದ ಫ್ಲಾಸ್ಕಿನ ಚೀಲ ಇಟ್ಟೆ. ಮಾತಾಡುವ ಗುಂಡಿ ಒತ್ತಿಕೊಂಡೇ ಇತ್ತು, ನನಗೆ ಗೊತ್ತಾಗಲಿಲ್ಲ. ನಾನು ಶುರುಮಾಡಿದೆ.

“ಇದ್ದಿದ್ದು ಒಂದೇ ಮಗು ಮರ್ವ್, ಅದನ್ನೂ ಹೊಡ್ಕೊಂಡ್ಳು. ತನಗೊಂದಾಗಲಿಲ್ಲ ನೋಡು, ಅದಕ್ಕೇ. ಸಾಕಿದ್ದಲ್ಲ ಅದು, ಕದ್ದಿದ್ದು. ಈಗ ಮೊಮ್ಮಗೂನೂ ಬೇಕಂತೆ. ಕೂಸು ಹುಟ್ಟೋಕ್ ಮುಂಚೆ ಕುಲಾವಿ, ಆಗಲೇ ಮೂರು ಹೆಣೆದಿಟ್ಟಿದಾಳೆ!”

“ಮೆಲ್ಲಗೆ ಕಣೇ.”

“ಇಲ್ಲಿ ಯಾರು ಕೇಳ್ತಾರೆ, ಕಾಂಗರೂನಾ?”

ಬಹಳ ಹೊತ್ತಿನ ಮೇಲೆ ಚಹಕ್ಕೆಂದು ಚೀಲ ಎತ್ತಿದೆ. ರೇಡಿಯೋದಿಂದ ಯಾರೋ ಲಾರಿಯವನ ದನಿ: “ಮುಗೀತಾ ಅಕ್ಕಾ? ಅರ್ಧ ಗಂಟೆಯಿಂದ ನಮಗ್ಯಾರಿಗೂ ಬಾಯಿ ತೆಗೆಯೋಕೆ ಬಿಟ್ಟಿಲ್ಲ ನೀವು. ಆ ತಂಗಿಗೂ ಮಾತಾಡೋಕೆ ಸ್ವಲ್ಪ ಅವಕಾಶ ಕೊಡಿ.” ಇನ್ನೊಬ್ಬ ನಕ್ಕು, “ಅಜ್ಜೀ, ನಂಗೂ ಒಂದು ಕುಲಾವಿ!” ಅಂದ. ನಿಮ್ಮ ಗಾಡಿಯಲ್ಲೂ ಅದೇ ರೇಡಿಯೋ ಇತ್ತು.

ಊಟಕ್ಕೆ ನಿಲ್ಲಿಸಿದ ರೋಡ್‌ಹೌಸಿನಲ್ಲಿ ನೀನು ಬಯ್ದಿದ್ದರೆ ನಾನೂ ಬಯ್ದು ಹಗುರಾಗುತ್ತಿದ್ದೆ. ನೀನು ಮಾಂಸದ ಪೈ ತಂದು ನನ್ನ ಮುಂದಿಟ್ಟು “ಬಿಸಿಯಿದೆ ಅಕ್ಕ, ನಿಧಾನ” ಅಂದೆ. ಆಗಲೂ ಹೊಟ್ಟೆಕಿಚ್ಚೇ ಆಯಿತು ನನಗೆ. ಇಷ್ಟೊಂದು ಒಳ್ಳೆಯವಳಾಗಲು ಇವಳಿಗೆ ಹೇಗೆ ಸಾಧ್ಯ ಎಂದು. ಕೆರಿನ್ ನನ್ನ ಮುಖ ನೋಡದೆ ಅಂದಳು: “ನನ್ನ ಮೊದಲ್ನೇ ಹಲ್ಲು ಬಿದ್ದಾಗ ನೀನೆಲ್ಲಿದ್ದೆ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?”

ಕರಾತಾದಿಂದ ನೀನು ಬಸ್ಸು ಹತ್ತಿ ಹೋದೆ. ಹೆರಿಗೆಗೆ ನಿಮ್ಮಮ್ಮನನ್ನೇ ಕರೆಸಿಕೋ ಎಂದು ಕೆರಿನ್‌ಗೆ ಅಂದೆಯಂತೆ. ನಾನು ಗೆದ್ದೆ ಅಂದುಕೊಂಡೆಯಾ? ಮೊನ್ನೆ ಕೆರಿನ್ ಫೋನ್ ಮಾಡಿದಳು. “ಯಾರೂ ಬರೋದು ಬೇಡಮ್ಮ. ಆಸ್ಪತ್ರೇಲಿ ನರ್ಸ್‌ಗಳಿದಾರೆ, ಡೇಲ್ ಇದಾನೆ. ಸಾಕು.” ದನಿ ಒಡೆದಿತ್ತು. ಅವಳು ಅತ್ತದ್ದು ನನಗಾಗಿ ಅಲ್ಲ ಎಂಬುದು ನನಗೆ ಗೊತ್ತಾಯಿತು, ಅದೂ ಚುಚ್ಚಿತು.

ಸೆಪ್ಟೆಂಬರಿಗೆ ನೀನು ಹೋಗು. ಬೇಡುತ್ತಿದ್ದೇನೆ. ನಾನು ಸುಧಾರಿಸಿಬಿಟ್ಟೆ ಎಂದಲ್ಲ. ನೀನು ಮಗುವನ್ನು ಎತ್ತಿಕೊಂಡಿರುವುದನ್ನು ಈಗಲೇ ನೆನೆಸಿಕೊಂಡರೆ ಕರುಳು ಹಿಂಡುತ್ತದೆ. ಆದರೂ ಅವಳು ನೋವಿನಲ್ಲಿ ಕೂಗುವ ಹೆಸರು ನಿನ್ನದು, ಪಕ್ಕದಲ್ಲಿ ನೀನಿರಬೇಕು. ನಾನು ಆಡಿದ್ದನ್ನು ಹೊಟ್ಟೆಗೆ ಹಾಕಿಕೋ.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡ. ನಿನಗೆ ಒಳ್ಳೆಯದಾಗಲಿ, ನನಗಿಂತ ಹೆಚ್ಚು ವರ್ಷ ಬಾಳು.

ನಿನ್ನ ಅಕ್ಕ,
ಗ್ಲೆನಿಸ್

ತಾ.ಕ.: ಇದು ಮರ್ವ್‌ಗೂ ಗೊತ್ತಿಲ್ಲ. ನ್ಯೂಮನ್‌ಗೆ ಹೋದ ಎರಡನೇ ವರ್ಷವೇ ಕಂಪನಿ ನನಗೆ ಮನೆ ಕೊಟ್ಟಿತ್ತು. ಮಗಳಿದ್ದಾಳೆ ಎಂದು ಅರ್ಜಿಯಲ್ಲಿ ಬರೆದಿದ್ದಕ್ಕೇ ಸಿಕ್ಕ ಮನೆ. ಎರಡು ಮಲಗುವ ಕೋಣೆ, ಬೀದಿಯ ಕೊನೆಯಲ್ಲೇ ಶಾಲೆ. ಮಕ್ಕಳನ್ನು ಇಟ್ಟುಕೊಳ್ಳಲು ಇಲ್ಲಿ ಜಾಗವಿಲ್ಲ ಎಂದು ನಿನಗೆ ಬರೆಯುತ್ತಲೇ ಹೋದೆ. ಕೆಲಸ ಮುಗಿಸಿ ಬಂದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಅದು ನನಗೆ ಇಷ್ಟವಾಗಿತ್ತು. ಅವಳಿಗೆಂದು ಕೊಟ್ಟ ಕೋಣೆಯಲ್ಲಿ ಐದು ವರ್ಷ ಬಟ್ಟೆ ಒಣಗಹಾಕಿದೆ. ಕೆರಿನ್‌ಗೆ ಇದನ್ನು ಹೇಳಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ಅವಳನ್ನು ಬಲ್ಲವಳು ನೀನು, ನೀನೇ ಹೇಳು.