ಅತ್ತಿ ಹಾಲು ಹಚ್ಚಿದ ಒಂಬತ್ತು ದಿನ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಇಬ್ಬರಿಗೆ ಅತ್ತಿ ಹಾಲು ಹಚ್ಚಿದೆ. ಒಂದು ಮಗುವಿನ ಕುರು, ಬಿಕ್ಕೋಡಿನ ಟೈಲರ್ ಹೆಂಡತಿಯ ಹಿಮ್ಮಡಿ ಒಡಕು. ಗದ್ದೆಯ ತಗ್ಗಿನಲ್ಲಿ, ಅತ್ತಿ ಮರದ ಕೆಳಗೆ, ಜೌಗು ಇನ್ನೂ ಆರಿಲ್ಲ. ಹಣ್ಣು ಬಿದ್ದು ಕೊಳೆತ ವಾಸನೆ. ಒಳ್ಳೆಯದೊಂದು ಆರಿಸಿ, ಒಡೆದು, ಹುಳು ಊದಿ ತಿಂದೆ.

ಸಂಜೆ ಉಮೇಶ್ ಬಂದ, ಮೈದುನನ ಮಗ. "ದೊಡ್ಡಮ್ಮ, ಅಮ್ಮಂಗೆ ಮಂಗನಬಾವು ಬಂದೈತೆ. ನಾಳೆಯಿಂದ ಕಳಿಸ್ಲಾ?"

ಐವತ್ತು ದಾಟಿದವಳಿಗೆ ಮಂಗನಬಾವು! ಕೇಳುವುದಕ್ಕೂ ಮಗನನ್ನೇ ಕಳಿಸಿದ್ದಾಳೆ ಮಹಾರಾಣಿ.

"ಬರ್ಲಿ ಕಣೋ. ಹಾಲು ಕೇಳ್ದೋರ್ಗೆ ಇಲ್ಲ ಅನ್ನೋ ಹಂಗಿಲ್ಲ."

ಮಾರ್ಚ್ 5

ಉಮೇಶನ ಅಮ್ಮ ಲತಾಮಣಿ ಬಂದಳು. ಸೂರ್ಯ ಹುಟ್ಟುವ ಮುಂಚೆ. ಅತ್ತೆ ಕಲಿಸಿದ ಕಟ್ಟಳೆ — ತೊಗಟೆಗೆ ಕುಡುಗೋಲು ತಾಕಿದಾಗಿನಿಂದ ಹಾಲು ಒಣಗುವವರೆಗೆ ಇಬ್ಬರೂ ಮಾತಾಡಬಾರದು. ಆಡಿದರೆ ಗುಣ ಹೋಗುತ್ತದೆ. ನಮಗೇನು ಕಷ್ಟ? ಮಾತು ಬಿಟ್ಟು ಆರು ವರ್ಷದ ಅಭ್ಯಾಸ.

ಅವತ್ತು ನನ್ನ ಸೌಂದರ್ಯಳನ್ನು ನೋಡಲು ಗಂಡಸಿ ಊರಿಂದ ಬಂದ ಗಂಡಿನವರಿಗೆ ಇವಳು ಕಾಫಿ ಕೊಡುತ್ತಾ, "ಚಿಕ್ಕವ್ಳಿದ್ದಾಗ ಫಿಟ್ಸ್ ಬತ್ತಿತ್ತು, ಈಗಿಲ್ಲ" ಅಂದಳಲ್ಲ. ನಿಜವೇ. ಎರಡು ಸಲ ಬಂದಿತ್ತು. ಇವಳನ್ನು ಕೇಳಿದವರು ಯಾರು? ಮಗಳಿಗೆ ಇನ್ನೂ ಮದುವೆಯಿಲ್ಲ.

ಮಾರ್ಚ್ 8, ಶಿವರಾತ್ರಿ

ನಾಲ್ಕನೇ ದಿನ. ಊತ ಇಳಿದಿಲ್ಲ. ಮಂಗನಬಾವು ಬೆರಳಿಗೆ ಮೆತ್ತಗೆ ಸಿಗುತ್ತದೆ, ನೋವಿಗೆ ಮುಟ್ಟಗೊಡುವುದಿಲ್ಲ. ಇದು ಗಟ್ಟಿ. ಗೋಟಡಿಕೆಯ ಹಾಗೆ. ಒತ್ತಿದರೂ ಮುಖ ಕಿವುಚಲಿಲ್ಲ. ಇಪ್ಪತ್ತು ವರ್ಷದಿಂದ ಹಚ್ಚುತ್ತಿರುವ ಕೈ ನನ್ನದು... ಇದು ಹಾಲಿಗೆ ಬಗ್ಗುವ ಗಂಟಲ್ಲ.

ಡಾಕ್ಟರಿಗೆ ತೋರಿಸು ಅನ್ನಬೇಕಿತ್ತು. ಹಾಲು ಒಣಗಿದ ಮೇಲೆ ಮಾತಿಗೆ ಅಡ್ಡಿಯಿಲ್ಲ. ಆದರೆ ನಾನೇ ಮೊದಲು ಬಾಯಿ ಬಿಡಬೇಕೆ? ಉಮೇಶನಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 13

ಒಂಬತ್ತು ದಿನ ಮುಗಿಯಿತು. ಗಂಟು ಹಾಗೇ ಇದೆ. ಹೋಗುವಾಗ ತಿರುಗಿ ನಿಂತಳು, ಏನೋ ಕೇಳುವವಳ ಹಾಗೆ. ನಾನು ಕುಡುಗೋಲು ತೊಳೆಯುತ್ತಾ ಕೂತೆ. ತೊಳೆದದ್ದನ್ನೇ ತೊಳೆದೆ.

ಮೇ 21

ಉಮೇಶ್ ಹಾಸನದಿಂದ ಫೋನ್ ಮಾಡಿದ. ಬಯಾಪ್ಸಿ ರಿಪೋರ್ಟ್ ಬಂದಿದೆ. ಕ್ಯಾನ್ಸರ್.

"ಎರಡು ತಿಂಗ್ಳು ಮುಂಚೆ ಕರ್ಕೊಂಡ್ ಬಂದಿದ್ರೆ ಅಂದ್ರು ಡಾಕ್ಟ್ರು, ದೊಡ್ಡಮ್ಮ."

ಊಟ ಸೇರಲಿಲ್ಲ. ಸೌಂದರ್ಯ ಏನಾಯ್ತಮ್ಮ ಅಂದಳು. ತಲೆನೋವು ಅಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಜೂನ್ 2, ಬೆಳಿಗ್ಗೆ 7

ಮರದ ಬುಡದಲ್ಲಿ ಲತಾಮಣಿ ಕೂತಿದ್ದಳು. ಕುತ್ತಿಗೆಗೆ ಬ್ಯಾಂಡೇಜ್. ಚಪ್ಪಲಿ ಕೆಸರಲ್ಲಿ ಹೂತಿತ್ತು. ನಾನು ಕುಡುಗೋಲಿಗೆ ಕೈ ಹಾಕಿದೆ. ಬೇಡ ಅಂತ ತಲೆಯಾಡಿಸಿದಳು.

"ಹಾಲಿಗೆ ಬಂದಿಲ್ಲ ಕಣಕ್ಕ. ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಕೈಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ?"

"ಇಲ್ಲ ಕಣೇ. ನಂಗೇನು ಗೊತ್ತು."

ಆರು ವರ್ಷದ ಮೇಲೆ ಅವಳೊಡನೆ ಆಡಿದ ಮೊದಲ ಮಾತು. ಅದೂ ಸುಳ್ಳು.

ಅವಳು ನಂಬಿದಳು. "ಅಷ್ಟು ಸಾಕು ಬಿಡಿ. ಬೇಕಂತ್ಲೇ ಸುಮ್ಕಿದ್ರೇನೋ ಅಂತ ಒಳಗೊಳಗೇ ಕೊರೀತಿತ್ತು. ನಿಮ್ಮ ಮೇಲೆ ಅನುಮಾನ ಪಟ್ನಲ್ಲ, ತಪ್ಪಾಯ್ತಕ್ಕ" ಅಂದವಳೇ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬಿಡಿಸಿಕೊಳ್ಳಲೂ ಆಗದೆ ನಿಂತಿದ್ದೆ. ಒದ್ದೆ ಇನ್ನೂ ಆರಿಲ್ಲ. ಅದೇ ಕೈಯಲ್ಲಿ ಈಗ ಇದನ್ನು ಬರೆಯುತ್ತಿದ್ದೇನೆ.